ಪಾರ್ಸೆಲ್ಲಿಗೆ ಟಿಪ್ಸು, ಅಂಗಳಕ್ಕೆ ಗಾಳಿ

ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ಹಾಡು ಬರುವುದಿಲ್ಲ, ನನಗೆ ಟಿಪ್ಸ್ ಕೊಡಲು ಬರುವುದಿಲ್ಲ. ದಯವಿಟ್ಟು ಇದನ್ನು ಜಿಪುಣತನ ಎಂದುಕೊಳ್ಳಬೇಡಿ. ಕೊಡುವ ಮನಸ್ಸಿದೆ, ಜೇಬಿನಲ್ಲಿ ನೋಟೂ ಇದೆ. ಆದರೆ ಆ ನೋಟು ನನ್ನ ಜೇಬಿನಿಂದ ಹೊರಟು ಇನ್ನೊಬ್ಬರ ಕೈ ಸೇರುವ ತನಕ ನನ್ನ ಮುಖವನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದು ಈ ವಯಸ್ಸಿಗೂ ಗೊತ್ತಾಗಿಲ್ಲ. ನಗಬೇಕೋ, ಬೇರೆ ಕಡೆ ನೋಡಬೇಕೋ, 'ಇಟ್ಕೊಳ್ಳಿ' ಅನ್ನಬೇಕೋ, ಸುಮ್ಮನೆ ಹೊರಟುಬಿಡಬೇಕೋ. ಇದಕ್ಕೆ ಕಾರಣವೂ ಇದೆ. ಜೀವಮಾನದಲ್ಲಿ ಒಮ್ಮೆಯೂ ಕೈ ಚಾಚದವನಿಗೆ ಕೈಗೆ ಹಾಕುವುದು ಹೇಗೆ ಗೊತ್ತಿರಬೇಕು? ನಾನು ಸರ್ವೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇದ್ದವನು. ತುರುವೇಕೆರೆ ತಾಲ್ಲೂಕಿನಲ್ಲಿ, ತಿಪಟೂರು ತಾಲ್ಲೂಕಿನಲ್ಲಿ ಎಷ್ಟೋ ತೆಂಗಿನ ತೋಟಗಳಲ್ಲಿ ಸರಪಳಿ ಎಳೆದು ಗಡಿ ಕಲ್ಲು ನೆಡಿಸಿದ್ದೇನೆ. ಎಳನೀರು ಕುಡಿದಿದ್ದೇನೆ, ಅದು ಬಿಸಿಲಿನ ಕೆಲಸ, ಕುಡಿಯದಿದ್ದರೆ ಗಡಿಯ ಮೇಲೆಯೇ ಬಿದ್ದುಹೋಗುತ್ತಿದ್ದೆ. ಅದೊಂದನ್ನು ಬಿಟ್ಟರೆ ಯಾರ ಮನೆಯದೂ ಒಂದು ಕಡ್ಡಿಯನ್ನು ಮುಟ್ಟಿದವನಲ್ಲ. ಈ ಮಾತನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ನನ್ನ ಬಾಯಿಂದ 'ಮೂವತ್ತೊಂದು' ಎಂಬ ಶಬ್ದ ಹೊರಡುತ್ತಿದ್ದಂತೆಯೇ ನನ್ನ ಹೆಂಡತಿ ಸರ್ವಮಂಗಳ ಒಲೆಯ ಮೇಲೆ ಏನೋ ಇಟ್ಟಿರುವುದನ್ನು ನೆನಪು ಮಾಡಿಕೊಂಡು ಎದ್ದು ಹೋಗುತ್ತಾಳೆ.

ಹೀಗೆ ಎದ್ದು ಹೋಗುವಾಗಲೇ ಸಂಕ್ರಾಂತಿ ಕಳೆದ ವಾರದಲ್ಲಿ ಅವಳು ಬಚ್ಚಲ ಬಾಗಿಲಲ್ಲಿ ಜಾರಿ, ಬಲಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಡಾಕ್ಟರು ಮೊಣಕೈವರೆಗೆ ಪ್ಲಾಸ್ಟರ್ ಹಾಕಿ, ಆರು ವಾರ ಈ ಕೈಯಲ್ಲಿ ಲೋಟ ಕೂಡ ಎತ್ತಬಾರದು ಎಂದರು. ಮನೆಗೆ ಬಂದ ತಕ್ಷಣ ಅವಳು, "ಚಿಕ್ಕನಾಯಕನಹಳ್ಳಿಯಿಂದ ನಮ್ಮಕ್ಕನ್ನ ಕರೆಸ್ಕೊಳಾನ ಕಣ್ರೀ" ಎಂದಳು. ಅವಳ ಅಕ್ಕ ಒಳ್ಳೆಯವರು. ಆದರೆ ಅವರು ನಮ್ಮ ಮದುವೆಯಾದ ವರ್ಷದಿಂದ, ನನ್ನ ಎದುರಿಗೇ, ಈ ಮನುಷ್ಯ ತಿಂದ ತಟ್ಟೆಯನ್ನೂ ಎತ್ತಿಡುವುದಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಾ ಬಂದಿದ್ದಾರೆ. ಮಾತು ನಿಜವಾದ್ದರಿಂದ ನನಗೆ ಹೆಚ್ಚು ಸಿಟ್ಟು. ತಿಂಡಿ, ಅಂಗಳ ಎರಡೂ ನನ್ನದು, ಯಾರೂ ಬರುವುದು ಬೇಡ ಎಂದುಬಿಟ್ಟೆ. ಮಧ್ಯಾಹ್ನಕ್ಕೆ ಅನ್ನ, ಸಾರು ನನಗೆ ಬರುತ್ತದೆ, ಅಥವಾ ಬರುತ್ತದೆ ಎಂದು ಆಗ ನಾನು ನಂಬಿದ್ದೆ. ಸರ್ವಮಂಗಳ ತನ್ನ ಪ್ಲಾಸ್ಟರ್ ಕೈಯನ್ನೂ ನನ್ನನ್ನೂ ಒಂದೊಂದು ಸಲ ನೋಡಿ, "ಹೂಂ, ನೋಡಾನ" ಎಂದಳು.

ಮೊದಲು ಅಂಗಳದ ವಿಷಯ. ನೊಣವಿನಕೆರೆಯಿಂದ ಸ್ವಲ್ಪ ಆಚೆ, ತೋಟಕ್ಕೆ ಅಂಟಿಕೊಂಡಂತೆ ನಮ್ಮ ಮನೆ. ಮುಂದೆ ಹಳೆಯ ಹೊಂಗೆ ಮರ. ಈ ಮರಕ್ಕೆ ಮಾಘ ಮಾಸ ಬಂತೆಂದರೆ ಹುಚ್ಚು ಹಿಡಿಯುತ್ತದೆ. ಗುಡಿಸಿ ಬೆನ್ನು ತಿರುಗಿಸಿದರೆ ಸಾಕು, ಮತ್ತೆ ಅಂಗಳದ ತುಂಬ ಎಲೆ. ಮೊದಲ ದಿನ ಕಡ್ಡಿ ಪೊರಕೆ ಹಿಡಿದು ಗುಡಿಸಿದೆ. ಎರಡನೆಯ ದಿನ ನನ್ನ ಸೊಂಟ ಕಟ್ಟಿಗೆಯಾಗಿತ್ತು. ಮೂರನೆಯ ದಿನ ಕುರ್ಚಿಯಲ್ಲಿ ಒರಗಿಕೊಂಡು ಫೋನು ನೋಡುತ್ತಿದ್ದಾಗ, ಯಾವುದೋ ದೇಶದ ಮುದುಕನೊಬ್ಬ ಕೈಯಲ್ಲಿ ಆನೆ ಸೊಂಡಿಲಿನಂಥ ಒಂದು ಮಿಷನ್ನು ಹಿಡಿದು, ಬಗ್ಗದೆ, ಬೆವರದೆ, ಹುಲ್ಲಿನ ಮೇಲಿದ್ದ ಎಲೆಗಳನ್ನೆಲ್ಲ ಕುರಿಮಂದೆ ಅಟ್ಟಿದಂತೆ ಮೂಲೆಗೆ ಅಟ್ಟುತ್ತಿದ್ದ. ಲೀಫ್ ಬ್ಲೋವರ್ ಅಂತೆ. ಅವನಿಗೆ ನನಗಿಂತ ಹತ್ತು ವರ್ಷ ಹೆಚ್ಚಾಗಿರಬೇಕು. ಅವನ ಮುಖದಲ್ಲಿದ್ದ ಆ ಠೀವಿ ನೋಡಿ ನಾನು ಆಗಲೇ ನಿರ್ಧಾರ ಮಾಡಿದೆ.

ಸರ್ವೆಯವನು ಅಳೆಯದೆ ಏನನ್ನೂ ಕೊಳ್ಳುವುದಿಲ್ಲ. ಟೇಪು ಹಿಡಿದು ಅಂಗಳ ಅಳೆದೆ, ಹೊಂಗೆ ಮರ, ಬಾವಿಕಟ್ಟೆ, ತಿಪ್ಪೆ, ಜಗುಲಿಯ ಪ್ಲಗ್ಗು ಎಲ್ಲವನ್ನೂ ಗುರುತು ಮಾಡಿ ಅಚ್ಚುಕಟ್ಟಾದ ಒಂದು ನಕ್ಷೆ ಬರೆದೆ. ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿ ತಿಪಟೂರಿಗೆ ಹೋಗಿ, ಔಷಧಿ ಸಿಂಪಡಿಸುವ ಯಂತ್ರ, ಕಳೆ ಕೊಚ್ಚುವ ಯಂತ್ರ ಮಾರುವ ಅಂಗಡಿಯೊಂದರಲ್ಲಿ ಬಿಡಿಸಿ ಹರಡಿದೆ. ಅಂಗಡಿಯವರು ನಕ್ಷೆ ನೋಡಿ ಗಾಬರಿಯಾಗಿ, "ಏನ್ ಸಾ, ಅಂಗಡಿ ಏನಾದ್ರೂ ಒತ್ತುವರಿ ಆಗೈತಾ?" ಎಂದು ಕೇಳಿದರು. ಇಲ್ಲ, ಎಲೆ ಊದಬೇಕು ಎಂದೆ. ಮೂರು ಬಗೆ ತೋರಿಸಿದರು. ವೈರಿನದು ಹಗುರ, ಅಗ್ಗ. ಆದರೆ ನನ್ನ ನಕ್ಷೆಯ ಪ್ರಕಾರ ವೈರು ಬಾವಿಕಟ್ಟೆಗೆ ಹೋಗಿ ನಿಂತುಬಿಡುತ್ತದೆ, ಎಲೆ ಇರುವುದೆಲ್ಲ ಅದರ ಆಚೆ. ಜೊತೆಗೆ ನಮ್ಮ ಕಡೆ ಕರೆಂಟು ಬರುವ ಹೊತ್ತಿಗೂ ಎಲೆ ಬೀಳುವ ಹೊತ್ತಿಗೂ ಹೊಂದಾಣಿಕೆ ಇಲ್ಲ. ಬ್ಯಾಟರಿಯದು ನೋಡಲು ಚೆಂದ, ಶಬ್ದವೂ ಕಡಿಮೆ. ಆದರೆ ಅದು ಸುಸ್ತಾದಾಗ ನಾನು ಅದಕ್ಕಾಗಿ ಕಾದು ಕೂರಬೇಕು. ಕೊನೆಗೆ ಪೆಟ್ರೋಲಿನದು. ತೂಕ ಒಂದು ಎಳೆಗರುವಿನಷ್ಟು, ಹಗ್ಗ ಎಳೆದು ಚಾಲೂ ಮಾಡಬೇಕು, ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ಆದರೆ ಅದರ ಗಾಳಿ ಅಂಗಡಿಯ ಕ್ಯಾಲೆಂಡರನ್ನು ಮೊಳೆ ಸಮೇತ ಕಿತ್ತು ರಸ್ತೆಗೆ ಹಾಕಿತು. ಅದನ್ನೇ ಕೊಟ್ಟುಬಿಡಿ ಎಂದೆ.

ಮನೆಯಲ್ಲಿ ಸರ್ವಮಂಗಳ ಜಗುಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಳು. ನಾನು ಕಿವಿಗೆ ಹತ್ತಿ ಇಟ್ಟುಕೊಂಡು ಹಗ್ಗ ಎಳೆದೆ. ಐದನೆಯ ಸಲಕ್ಕೆ ಮಿಷನ್ನು ಎದ್ದಿತು, ತೋಟದಲ್ಲಿದ್ದ ಕಾಗೆಗಳೆಲ್ಲ ಎದ್ದವು. ಹೊಂಗೆ ಎಲೆಗಳು ನೆಲದಿಂದ ಎದ್ದ ರೀತಿಯನ್ನು ನೋಡಿ ನನಗೆ ರೋಮಾಂಚನವಾಯಿತು. ಅವು ಮೂಲೆಗೆ ಹೋಗಲಿಲ್ಲ. ಮೇಲೆ ಹೋಗಿ, ಜಗುಲಿಯ ಮಾಡಿನ ಕೆಳಗೆ ನುಗ್ಗಿ, ಸರ್ವಮಂಗಳನ ಮಡಿಲಲ್ಲಿ, ತಲೆಯಲ್ಲಿ, ಪ್ಲಾಸ್ಟರಿಗೂ ಚರ್ಮಕ್ಕೂ ನಡುವಿನ ಸಂದಿಯಲ್ಲಿ ಹೋಗಿ ಕೂತವು. ಗಾಬರಿಯಲ್ಲಿ ನಾನು ಸೊಂಡಿಲನ್ನು ತೋಟದ ಕಡೆ ತಿರುಗಿಸಿದೆ. ಅಲ್ಲಿ ಬಿದ್ದಿದ್ದು ತೆಂಗಿನ ಗರಿ. ಫೋನಿನ ಮುದುಕನ ದೇಶದಲ್ಲಿ ಎಲೆ ಎಂದರೆ ಅಂಗೈಯಗಲ. ನಮ್ಮಲ್ಲಿ ಎಲೆ ಎಂದರೆ ಆಳುದ್ದಕ್ಕಿಂತ ಉದ್ದ, ಬುಡದಲ್ಲಿ ತೊಡೆಗಾತ್ರದ ಮಟ್ಟೆ. ತೆಂಗಿನ ಸೀಮೆಯಲ್ಲಿ ಹುಟ್ಟಿ, ತೆಂಗಿನ ತೋಟಗಳನ್ನೇ ಅಳೆದವನಿಗೆ ಅಂಗಡಿಯಲ್ಲಿ ಇದು ಹೊಳೆದಿರಲಿಲ್ಲ. ಪೂರ್ತಿ ಗಾಳಿ ಬಿಟ್ಟರೂ ಆ ಗರಿ, ಮಲಗಿದ ಎಮ್ಮೆ ನೊಣ ಓಡಿಸಿದ ಹಾಗೆ ತುದಿಯನ್ನು ಒಮ್ಮೆ ಎತ್ತಿ ಮತ್ತೆ ಮಲಗಿತು. ಸರ್ವಮಂಗಳ ಎಡಗೈಯಲ್ಲಿ ತಲೆಯ ಎಲೆ ಕಿತ್ತುಕೊಳ್ಳುತ್ತಾ, "ಚೆನ್ನಾಗೈತೆ ಕಣ್ರೀ, ಬ್ಯಾಸ್ಗೇಲಿ ಫ್ಯಾನ್ ಬೇಕಾಗಲ್ಲ" ಎಂದಳು. ಮಿಷನ್ನು ಅಟ್ಟಕ್ಕೆ ಹೋಯಿತು, ಕೊಬ್ಬರಿಗೆಂದು ಹರಡಿದ್ದ ಕಾಯಿಯ ಪಕ್ಕ.

ಇನ್ನು ತಿಂಡಿ. ಅದು ಮಾತ್ರ ಸಲೀಸು ಎಂದುಕೊಂಡಿದ್ದೆ. ನೊಣವಿನಕೆರೆ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ತಟ್ಟೆ ಇಡ್ಲಿ ಸಿಗುತ್ತದೆ, ದಿನವೂ ಬೆಳಿಗ್ಗೆ ಹೋಗಿ ಪಾರ್ಸೆಲ್ ತರುವುದು. ಅಲ್ಲಿ ಪಾರ್ಸೆಲ್ ಕಟ್ಟುವವರು ನಂಜುಂಡಪ್ಪ, ನನ್ನದೇ ವಯಸ್ಸಿನವರು. ಅವರು ಕಟ್ಟುವುದನ್ನು ನೋಡುವುದೇ ಒಂದು ಖುಷಿ. ಬಾಳೆಲೆ ಬಾಡಿಸಿ, ಇಡ್ಲಿ ಇಟ್ಟು, ನಡುವೆ ಎಲೆಯ ತುಂಡು ಇಟ್ಟು, ಪೇಪರ್ ಸುತ್ತಿ, ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ನಾಲ್ಕು ಸುತ್ತು ಸುತ್ತಿ ಗಂಟು ಹಾಕಿದರೆ, ಬೈಕಿನ ಹ್ಯಾಂಡಲ್ಲಿಗೆ ತಗುಲಿಸಿಕೊಂಡು ಹಳ್ಳಕ್ಕೆ ಬಿದ್ದರೂ ಚಟ್ನಿ ಒಂದು ತೊಟ್ಟು ಹೊರಗೆ ಬರುವುದಿಲ್ಲ. ಸರ್ವಮಂಗಳನ ಕೈ ವಿಷಯ ಗೊತ್ತಾದ ಮೇಲಂತೂ, ಎಡಗೈಯಲ್ಲಿ ಬಿಚ್ಚಲು ಬರುವಂಥ ಜಾರುಗಂಟು ಹಾಕತೊಡಗಿದರು. ಇಂಥವರಿಗೆ ಏನಾದರೂ ಕೊಡಬೇಕು ಎಂದು ನನಗೆ ಬಲವಾಗಿ ಅನ್ನಿಸಿತು.

ಆದರೆ ಹೇಗೆ? ಕೂತು ತಿಂದವನಿಗೆ ದಾರಿ ಇದೆ. ಬಿಲ್ಲು ತಂದ ತಟ್ಟೆಯಲ್ಲಿ ಸೋಂಪಿನ ಕಾಳಿನ ಪಕ್ಕ ಚಿಲ್ಲರೆ ಬಿಟ್ಟು ಎದ್ದು ಬರಬಹುದು. ಪಾರ್ಸೆಲ್ ತೆಗೆದುಕೊಳ್ಳುವವನಿಗೆ ತಟ್ಟೆಯೇ ಇಲ್ಲವಲ್ಲ. ಫೋನನ್ನು ಕೇಳಿದೆ. ಅದು ಬಿಲ್ಲಿನ ಮೇಲೆ ನೂರಕ್ಕೆ ಇಷ್ಟು ಎಂದು ಏನೋ ಹೇಳಿತು. ಫೋನಿನ ಮಾತು ಕೇಳಿ ಆದದ್ದು ಸಾಕು ಎಂದು ಬಿಟ್ಟೆ. ಮೊದಲ ದಿನ ಹತ್ತು ರೂಪಾಯಿಯನ್ನು ಮೇಜಿನ ಮೇಲೆ ಇಟ್ಟು ಬಂದೆ. ತಿರುಗಿ ನೋಡಿದರೆ ಮಾಲೀಕರು ಅದನ್ನು ಗಲ್ಲಾಪೆಟ್ಟಿಗೆಗೆ ಎಳೆದುಕೊಳ್ಳುತ್ತಿದ್ದರು. ಎರಡನೆಯ ದಿನ ನೇರವಾಗಿ ನಂಜುಂಡಪ್ಪನವರ ಮುಂದೆ ನೋಟು ಹಿಡಿದೆ. ಅವರ ಎರಡು ಕೈಯಲ್ಲಿ ಪೊಟ್ಟಣ, ಹಲ್ಲಿನಲ್ಲಿ ದಾರ. ಹಿಂದೆ ನಿಂತಿದ್ದವರು ನಾನು ನೋಟನ್ನು ಅವರ ಬಾಯಿಗೆ ಇಡುತ್ತಿದ್ದೇನೆಂದು ನಕ್ಕರು. ಮೂರನೆಯ ದಿನ ಧೈರ್ಯ ಮಾಡಿ ಅವರ ಅಂಗಿಯ ಜೇಬಿಗೆ ತುರುಕಿದೆ.

ನಂಜುಂಡಪ್ಪ ದಾರ ಬಿಟ್ಟು, ನೋಟನ್ನು ತೆಗೆದು, ಎರಡು ಮಡಿಕೆ ಮಾಡಿ ನನ್ನ ಪಾರ್ಸೆಲ್ಲಿನ ಮೇಲಿಟ್ಟರು. "ಬ್ಯಾಡ ಸಾ" ಎಂದರು. ಇರಲಿ ಇಟ್ಕೊಳ್ಳಿ, ಕಾಫಿಗೆ ಎಂದೆ. "ನೀವು ಅವತ್ತು ನಂದು ಮುಟ್ಟಲಿಲ್ಲ. ಇವತ್ತು ನಿಮ್ದು ನಾನ್ ಹೆಂಗ್ ಮುಟ್ಲಿ ಸಾ?" ಎಂದರು. ಯಾವತ್ತು ಎಂದು ಕೇಳಿದೆ. ಅವರು ಮುಂದಿನ ಪಾರ್ಸೆಲ್ಲಿಗೆ ಎಲೆ ಬಾಡಿಸುತ್ತಲೇ ಹೇಳಿದರು. "ನಮ್ಮ ತ್ವಾಟ ಅಳ್ಯಕೆ ಬಂದಿದ್ರಿ. ನಂಗೂ ನಮ್ಮಣ್ಣಂಗೂ ಗಡಿ ತಕರಾರು. ಸರ್ಯಾಗೇ ಅಳದ್ರಿ, ಅದ್ರಾಗೆ ಎಲ್ಡು ಮಾತಿಲ್ಲ. ಹೊಲ್ಡೋವಾಗ ನಾನು ಎಲ್ಡು ಕಾಯಿ ತಂದು ಕೈಗೆ ಕೊಟ್ಟೆ. ನೀವು, 'ಏನಯ್ಯ, ಸರ್ಕಾರಿ ಅಧಿಕಾರಿಗೆ ಲಂಚ ಕೊಡ್ತೀಯ' ಅಂತ ಪಂಚಾಯ್ತಿಯೋರ ಎದ್ರಿಗೆ ಕೂಗಾಡುದ್ರಿ. ಆ ಎಲ್ಡು ಕಾಯಿ ಹೊತ್ಕೊಂಡು ನಾನು ವಾಪಸ್ ಮನೆಗೆ ಹೋದೆ ಸಾ. ಊರೇ ನೋಡ್ತಿತ್ತು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅಷ್ಟು ಹೇಳಿ, ಚಟ್ನಿ ಗಟ್ಟಿಯದು ಹಾಕಲೋ ನೀರಾಗಿರುವುದೋ ಎಂದು ಕೇಳಿದರು.

ನಿಮಗೆ ಹೇಳಬೇಕು, ಈ ಪ್ರಸಂಗ ನನಗೆ ಮರೆತಿರಲಿಲ್ಲ. ಮರೆಯುವುದೇನು, ಅದು ನನ್ನ ಅತ್ಯುತ್ತಮ ಪ್ರಸಂಗ. ನನ್ನ ಬೀಳ್ಕೊಡುಗೆ ಸಮಾರಂಭದಲ್ಲಿ ತಹಸೀಲ್ದಾರರೇ ಅದನ್ನು ಮೈಕಿನಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿಕೊಟ್ಟಿದ್ದರು. ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ, ಡಾಕ್ಟರ ಕೋಣೆಯ ಹೊರಗೆ ನಾನೇ ಹೇಳಿದ್ದೇನೆ. ನಾನು ಹೇಳುವ ಕತೆಯಲ್ಲಿ ಅವರಿಗೆ ಹೆಸರಿರಲಿಲ್ಲ, 'ಒಬ್ಬ ರೈತ' ಎಂದಷ್ಟೇ ಇರುತ್ತಿತ್ತು. ಆ ಒಬ್ಬ ರೈತ ಇಷ್ಟು ದಿನ ನನ್ನ ಹೆಂಡತಿಗಾಗಿ ಜಾರುಗಂಟು ಹಾಕುತ್ತಿದ್ದ.

ಮನೆಗೆ ಬಂದು ಸರ್ವಮಂಗಳನಿಗೆ ಹೇಳಿದೆ. ಅವಳು ಇಡ್ಲಿ ಮುರಿಯುವುದನ್ನು ಬಿಟ್ಟು ನನ್ನನ್ನೇ ನೋಡಿದಳು. "ಕಾಯೇನ್ರೀ? ಲಂಚ ಲಂಚ ಅಂತ ಹೇಳ್ತಿದ್ರಲ್ಲ, ನಾನು ನೋಟಿನ ಕಂತೆ ಅಂದ್ಕೊಂಡಿದ್ದೆ." ಎರಡು ಕಾಯಿ, ದಪ್ಪ ಕಾಯಿ ಎಂದೆ. "ಬಂದೋರು ಬರಿಗೈಲಿ ಹೋಗಬಾರದು ಅಂತ ನಮ್ಮ ಸೀಮೇಲಿ ಹಾವು ಹಿಡಿಯೋನಿಗೂ ಎರಡು ಕಾಯಿ ಕೊಡ್ತೀವಿ. ಕೊಟ್ಟ ಕಾಯಿನ ಯಾರಾದ್ರೂ ವಾಪಸ್ ಕೊಡ್ತಾರಾ? ಸಾವಿನ ಮನೇಲೂ ಹಂಗ್ ಮಾಡಲ್ಲ." ನಾನು ಅಧಿಕಾರಿಯಾಗಿದ್ದೆ, ಎರಡೂ ಕಡೆಯವರು ನೋಡುತ್ತಿದ್ದರು, ಇವರಿಂದ ತೆಗೆದುಕೊಂಡಿದ್ದರೆ ಅವರ ಅಣ್ಣ ಏನೆಂದುಕೊಳ್ಳುತ್ತಿದ್ದರು ಎಂದು ವಾದ ಮಾಡಿದೆ. "ತಗೋಬ್ಯಾಡಿ. ಯಾರು ತಗೊಳ್ಳಿ ಅಂದ್ರು? ದೇವಸ್ಥಾನಕ್ಕೆ ಕೊಡಪ್ಪ ಅಂತ ಮೆತ್ತಗೆ ಹೇಳಕ್ಕೆ ಆಗ್ತಿರಲಿಲ್ವಾ?" ಎಂದಳು. ಮೂವತ್ತೊಂದು ವರ್ಷದ ನನ್ನ ಆಸ್ತಿಯಲ್ಲಿ ಅದೇ ಒಳ್ಳೆಯ ತೋಟವಾಗಿತ್ತು. ಇಡ್ಲಿ ತಿನ್ನುವಷ್ಟರಲ್ಲಿ ಅದರ ಗಡಿ ಕಲ್ಲು ಕಿತ್ತುಹೋಯಿತು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಆಮೇಲೆ ದಿನವೂ ಪಾರ್ಸೆಲ್ ತರುವುದು ನನಗೆ ಶಿಕ್ಷೆಯಾಯಿತು. ನಂಜುಂಡಪ್ಪ ಎಂದಿನಂತೆಯೇ ಕಟ್ಟುತ್ತಿದ್ದರು, ಎಂದಿನಂತೆಯೇ ಜಾರುಗಂಟು. ನಾನು 'ಅವತ್ತಿಂದು ಮನಸ್ಸಿಗೆ ಹಚ್ಕೋಬೇಡಿ' ಎನ್ನುವ ಒಂದು ವಾಕ್ಯವನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿ, 'ನಾಲ್ಕು ಇಡ್ಲಿ' ಎಂದು ಹೇಳಿ ವಾಪಸ್ ಬರುತ್ತಿದ್ದೆ. ಹೀಗಿರುವಾಗ ಒಂದು ದಿನ ಅವರೇ ಮಾಲೀಕರ ಹತ್ತಿರ ಮಾತಾಡುತ್ತಿದ್ದುದು ಕಿವಿಗೆ ಬಿತ್ತು. ಹುರುಳಿ ಬಡಿದು ಕಣದಲ್ಲಿ ಗುಡ್ಡೆ ಹಾಕಿ ನಾಲ್ಕು ದಿನವಾಯಿತಂತೆ. ತೂರೋಣ ಎಂದರೆ ಒಂದು ಎಲೆ ಅಲ್ಲಾಡುವಷ್ಟೂ ಗಾಳಿ ಇಲ್ಲ. "ಅಲ್ಲಿ ನೋಡುದ್ರೆ ಮ್ವಾಡ ಕಟ್ಟೈತೆ. ನಾಳಿಕ್ಕೆ ಹನಿ ಬಿದ್ರೆ ಹುರುಳಿ ಎಲ್ಲ ಮೊಳಕೆ ಬುಡ್ತೈತೆ, ಅಷ್ಟೇಯ" ಎಂದರು. ನನ್ನ ಬಾಯಿಪಾಠ ಮರೆತುಹೋಯಿತು. "ನಂಜುಂಡಪ್ಪ, ಗಾಳಿ ನನ್ನ ಹತ್ರ ಐತೆ" ಎಂದೆ. ಹೋಟೆಲಿನಲ್ಲಿದ್ದವರೆಲ್ಲ ತಿನ್ನುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು.

ಅಟ್ಟದಿಂದ ಮಿಷನ್ನು ಇಳಿಸಿಕೊಂಡು ಹತ್ತು ಗಂಟೆಗೆಲ್ಲ ಅವರ ಕಣದಲ್ಲಿದ್ದೆ. ನಂಜುಂಡಪ್ಪನವರ ಹೆಂಡತಿ ಸ್ಟೂಲಿನ ಮೇಲೆ ನಿಂತು ಮೊರದಿಂದ ಹುರುಳಿ ಸುರಿದರು, ನಾನು ಪಕ್ಕದಿಂದ ಗಾಳಿ ಬಿಟ್ಟೆ. ಮೊದಲ ಮೊರದ ಹೊಟ್ಟು, ಹುರುಳಿ ಎರಡೂ ಒಟ್ಟಿಗೆ ಬೇಲಿ ದಾಟಿದವು. ಆ ತಾಯಿ ಗಂಡನ ಮುಖ ನೋಡಿದರು. ನಂಜುಂಡಪ್ಪ ಬೇಲಿಯ ಮುಖ ನೋಡಿದರು. ಮಿಷನ್ನು ಆರಿಸಿ, ಜೇಬಿನಿಂದ ಟೇಪು ತೆಗೆದೆ. ಇಲ್ಲಿಂದ ಮುಂದೆ ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತೇನೆ, ಸಹಿಸಿಕೊಳ್ಳಿ. ಎರಡೆರಡು ಅಡಿ ಹಿಂದೆ ಸರಿದು, ಒಂದೊಂದು ಕಡೆಯಿಂದ ಒಂದೊಂದು ಹಿಡಿ ಕಾಳು ಪರೀಕ್ಷೆ ಮಾಡಿ, ಹೊಟ್ಟು ಮಾತ್ರ ಹಾರಿ ಕಾಳು ನೆಟ್ಟಗೆ ಬೀಳುವ ಜಾಗವನ್ನು ಕಂಡುಹಿಡಿದೆ. ಹದಿಮೂರು ಅಡಿ, ಅರ್ಧ ಗಾಳಿ, ಸೊಂಡಿಲು ಮೊಣಕಾಲಿನ ಎತ್ತರ. ಅಲ್ಲೊಂದು ಕಲ್ಲು ಇಟ್ಟು ಗುರುತು ಮಾಡಿದೆ. ಆಮೇಲೆ ನೋಡಬೇಕಿತ್ತು ನೀವು. ಒಂದು ಕಡೆ ಹೊಟ್ಟಿನ ಗುಡ್ಡೆ, ಇನ್ನೊಂದು ಕಡೆ ಹೊಟ್ಟಿಲ್ಲದ, ಕಸವಿಲ್ಲದ ಹುರುಳಿ ರಾಶಿ. ಎರಡು ದಿನದ ಕೆಲಸ ಮಧ್ಯಾಹ್ನದ ಊಟದೊಳಗೆ ಮುಗಿಯಿತು. ನಾವು ರಾಶಿಯ ಮೇಲೆ ಟಾರ್ಪಾಲು ಎಳೆಯುವಾಗ ನಾಲ್ಕು ಹನಿ ಬಿದ್ದವು. ಸೇವೆಯಲ್ಲಿದ್ದಾಗ ಇಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ, ಮೈಕಿನಲ್ಲಿ ಹೊಗಳಿದಾಗಲೂ.

ಹೊರಡುವಾಗ ನಂಜುಂಡಪ್ಪ ಒಳಗೆ ಹೋದರು. ಏನು ತರಲು ಹೋದರು ಎಂದು ನನಗೆ ಗೊತ್ತಿತ್ತು. ಹೊರಗೆ ಬಂದಾಗ ಅವರ ಕೈಯಲ್ಲಿ ಎರಡು ಕಾಯಿ, ಜುಟ್ಟು ಬಿಟ್ಟು ನುಣ್ಣಗೆ ಸುಲಿದದ್ದು. ಅವರು ಕೊಡಲಿಲ್ಲ, ಹಿಡಿದುಕೊಂಡು ನಿಂತರು. ಆ ವಯಸ್ಸಾದ ಮನುಷ್ಯನ ಕೈ ಸ್ವಲ್ಪ ಹಿಂದೆ ಸರಿದೇ ಇತ್ತು. ನನ್ನ ಬಾಯಿ ಅಭ್ಯಾಸಬಲದಿಂದ 'ಬೇಡ' ಎನ್ನಲು ತೆರೆದಿತ್ತು. ಅದನ್ನು ಮುಚ್ಚಿ, ಎರಡೂ ಕೈ ಚಾಚಿದೆ. ಮೂವತ್ತೊಂದು ವರ್ಷ ಚಾಚದಿದ್ದ ಕೈಗೆ ಹಿಡಿಯುವ ಅಭ್ಯಾಸವಿಲ್ಲ ನೋಡಿ, ಒಂದು ಕಾಯಿ ಜಾರಿ ನನ್ನ ಕಾಲಿನ ಮೇಲೆ ಬಿತ್ತು. "ಅವತ್ತು ತಪ್ಪು ಮಾತಾಡಿದೆ ನಂಜುಂಡಪ್ಪ" ಎಂದೆ. ನೋವಿಗೆ ಕಣ್ಣಲ್ಲಿ ನೀರು ಬಂದಿತ್ತು, ಅವರು ಬೇರೆ ಅರ್ಥ ಮಾಡಿಕೊಂಡಿದ್ದರೆ ಅದೂ ಸರಿಯೇ. "ಬುಡಿ ಸಾ, ಆಗಿದ್ದು ಆಗೋಯ್ತು" ಎಂದು ಕಾಯಿ ಎತ್ತಿಕೊಟ್ಟರು. ಮರುದಿನ ಹೋಟೆಲಿನಲ್ಲಿ ಅವರ ಅಂಗಿಯ ಜೇಬಿಗೆ ನೋಟು ಹಾಕಿದಾಗ ಅವರು ದಾರ ಕಚ್ಚಿಕೊಂಡೇ ತಲೆ ಆಡಿಸಿದರು, ಪಾರ್ಸೆಲ್ ಕಟ್ಟುವುದನ್ನು ನಿಲ್ಲಿಸಲಿಲ್ಲ. ಪಾರ್ಸೆಲ್ಲಿಗೆ ಟಿಪ್ಸ್ ಕೊಡುವ ಕ್ರಮ ಇಷ್ಟೇ ಎಂದು ಕಾಣುತ್ತದೆ. ನಮ್ಮ ಸೀಮೆಯಲ್ಲಂತೂ ಮೊದಲು ಅವರದನ್ನು ತೆಗೆದುಕೊಂಡಿರಬೇಕು.

ಸುದ್ದಿ ಹಬ್ಬಿತು. ಹುರುಳಿಯವರು, ತೊಗರಿಯವರು, ಅವರೆಯವರು ಮನೆಗೆ ಹುಡುಕಿಕೊಂಡು ಬರತೊಡಗಿದರು. ಪೆಟ್ರೋಲು ಅವರದು, ಗಾಳಿ ನನ್ನದು. ಜನ ನನ್ನನ್ನು ಗಾಳಿ ಸಾಹೇಬ್ರು ಎನ್ನುತ್ತಾರೆ, ಕೇಳಲು ಹಿತವಾಗಿದೆ. ಸರ್ವಮಂಗಳನ ಪ್ಲಾಸ್ಟರ್ ಬಿಚ್ಚಿದ್ದಾಯಿತು, ಅಕ್ಕ ಬರಲೇ ಇಲ್ಲ. ನಮ್ಮ ಅಂಗಳವನ್ನು ಈಗ ಅವಳೇ ಗುಡಿಸುತ್ತಾಳೆ, ಏಕೆಂದರೆ ನಾನು ಊರವರ ಕಣದಲ್ಲಿರುತ್ತೇನೆ. ಅಡಿಗೆಮನೆಯ ಮೂಲೆಯಲ್ಲಿ ಅವರೆಲ್ಲ ಕೊಟ್ಟ ಕಾಯಿಯ ಗುಡ್ಡೆ ಬೆಳೆದಿದೆ. ಸ್ವಂತ ತೋಟ ಇರುವವರ ಮನೆಯಲ್ಲಿ ಇದೇನು ಎಂದು ಅವಳು ಗೊಣಗುತ್ತಾಳೆ.

ಮೊನ್ನೆ ಹೊಸ ಮನೆಯೊಂದರಲ್ಲಿ ತೊಗರಿ ತೂರಿಕೊಟ್ಟೆ. ಕೆಲಸ ಮುಗಿಯಿತು, ಆ ಮನೆಯ ಹೆಣ್ಣುಮಗಳು, "ಭಾಳ ಉಪಕಾರ ಆಯ್ತು ಸಾ" ಎಂದು ಕೈ ಮುಗಿದು ಒಳಗೆ ಹೋದಳು. ನಾನು ಸೊಂಡಿಲು ಬಿಚ್ಚಿದೆ. ಒರೆಸಿದೆ. ಮತ್ತೆ ಜೋಡಿಸಿದೆ. ಒಂದು ಸಲ ಕೆಮ್ಮಿದೆ. ಮತ್ತೆ ಬಿಚ್ಚಿ ಒರೆಸಿದೆ. ನಮ್ಮ ಆಫೀಸಿನಲ್ಲಿ ಒಬ್ಬರಿದ್ದರು, ಬಂದ ರೈತರ ಕೈಗೆ ಕಾಗದ ಕೊಟ್ಟ ಮೇಲೂ ಹೀಗೆಯೇ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು, ಕೆಮ್ಮುವುದು ಮಾಡುತ್ತಾ ನಿಂತಿರುತ್ತಿದ್ದರು. ಅವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು, ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಅವರು ನೆನಪಾಗಿ ನನ್ನ ಕೈ ಅಲ್ಲೇ ನಿಂತಿತು. ಅಷ್ಟರಲ್ಲಿ ಆ ಹೆಣ್ಣುಮಗಳು ಕಸದ ಮೊರ ಹಿಡಿದು ಮತ್ತೆ ಹೊರಗೆ ಬಂದಳು.

"ಅಯ್ಯೋ, ಇನ್ನೂ ಹೋಗಿಲ್ವಾ ಸಾ? ಮಿಷನ್ ಏನಾರ ಕೆಟ್ಟೋಯ್ತಾ?"

"ಇಲ್ಲ ಕಣಮ್ಮ" ಎಂದೆ. "ಸ್ವಲ್ಪ ಬಿಸಿಯಾಗೈತೆ. ಆರಲಿ ಅಂತ."